ಶುದ್ಧಿ ಪ್ರಭಾರಿ ಮುರಿಗೆಪ್ಪ

ರಾಜ್ಯ ಹಳೆ ಗೋಣಿಚೀಲ ಸದ್ಬಳಕೆ ನಿಗಮದ ಯಶವಂತಪುರದ ಪ್ರಧಾನ ಕಚೇರಿಯಲ್ಲಿ ಅಧಿಕಾರಿಗಳೂ ಸಿಬ್ಬಂದಿಯೂ ಅಶುದ್ಧ ಸ್ಥಿತಿಯಲ್ಲಿಯೇ ಕೆಲಸ ಮಾಡುತ್ತಿದ್ದಾರೆ ಎಂಬ ವಿಷಯವು ೧೯೮೨ನೇ ಇಸವಿಯ ಮಳೆಗಾಲದವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ನಿಗಮ ಹುಟ್ಟಿದಂದಿನಿಂದ ಹಳೆ ಚೀಲ ಕೊಳ್ಳುವುದು, ಹರಿದದ್ದನ್ನು ಹೊಲಿಸುವುದು, ಹೊಲಿಸಿದ್ದನ್ನು ಮಾರುವುದು, ಮಾರಿದ್ದನ್ನು ಮತ್ತೆ ಹಳೆಯದೆಂದು ಕೊಳ್ಳುವುದು, ಇವೆಲ್ಲ ನಿಯಮಾನುಸಾರ ನಡೆದಿದ್ದವು. ಲೆಕ್ಕ ಪರಿಶೋಧಕರು ವರ್ಷ ವರ್ಷವೂ ಬಂದು ಚಹಾ ಕುಡಿದು ಹೋಗಿದ್ದರು. ಅವರೂ ಈ ಲೋಪವನ್ನು ಎತ್ತಿ ತೋರಿಸಿರಲಿಲ್ಲ.

ಲೋಪ ಬೆಳಕಿಗೆ ಬಂದದ್ದು ವ್ಯವಸ್ಥಾಪಕ ನಿರ್ದೇಶಕರ ಸೊಂಟನೋವಿನ ದೆಸೆಯಿಂದ. ಎಂ.ಡಿ. ಸಾಹೇಬರು ಬಹಳ ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದವರು. ಡಾಕ್ಟರುಗಳು ಕೈಚೆಲ್ಲಿದ ಮೇಲೆ ಅವರು ಯಾವುದೋ ಯೋಗ ಶಿಬಿರಕ್ಕೆ ಸೇರಿಕೊಂಡರು. ಆಸನ ಮಾಡುವ ಮುಂಚೆ ಸಂಸ್ಕೃತದ ಶುದ್ಧಿಮಂತ್ರ ಹೇಳಿಕೊಳ್ಳದಿದ್ದರೆ ಅದು ಬರೀ ಅಂಗಸಾಧನೆ, ಮನಸ್ಸಿನ ಕೊಳೆ ಹಾಗೇ ಇಳಿದು ಸೊಂಟದಲ್ಲಿ ನಿಲ್ಲುತ್ತದೆ ಎಂದು ಅಲ್ಲಿ ಅವರಿಗೆ ಮನವರಿಕೆಯಾಯಿತು. ಶಿಬಿರದಿಂದ ಬಂದ ಸೋಮವಾರವೇ ಸುತ್ತೋಲೆ ಹೊರಟಿತು.

"ಇನ್ನು ಮುಂದೆ ಪ್ರತಿ ಕೆಲಸದ ದಿನ ಬೆಳಿಗ್ಗೆ ಕಚೇರಿಯಲ್ಲಿ ಯೋಗಾಭ್ಯಾಸ ನಡೆಯತಕ್ಕದ್ದು. ಅದಕ್ಕೆ ಪೂರ್ವಭಾವಿಯಾಗಿ ಎಲ್ಲರೂ ಶುದ್ಧಿಮಂತ್ರವನ್ನು ಪಠಿಸಿ ಶುದ್ಧರಾಗತಕ್ಕದ್ದು. ಶುದ್ಧರಾಗದ ಹೊರತು ಯಾರೊಬ್ಬರೂ ಕಡತಗಳನ್ನು ಮುಟ್ಟತಕ್ಕದ್ದಲ್ಲ. ಈ ನಿಷೇಧವು ಕಡತಗಳಿಗೆ ಮಾತ್ರ ಅನ್ವಯಿಸುತ್ತದೆ."

ಮಂತ್ರ ಹೇಳಿಸುವವರು ಯಾರು ಎಂಬ ಪ್ರಶ್ನೆ ಬಂತು. ಸಂಸ್ಕೃತ ಬಲ್ಲವರೆಂದು ಕಚೇರಿಯಲ್ಲಿ ಹೆಸರು ಪಡೆದ ಇಬ್ಬರು ಮೂವರಿದ್ದರು. ಬೆಳಿಗ್ಗೆ ಬೇಗ ಬರಬೇಕಾಗುತ್ತದೆಂದು ತಿಳಿದ ಗಳಿಗೆಯಲ್ಲಿ ಅವರಿಗೆಲ್ಲ ಸಂಸ್ಕೃತ ಮರೆತುಹೋಯಿತು. ಉಳಿದವನು ರವಾನೆ ವಿಭಾಗದ ಗುಮಾಸ್ತ ಮುರಿಗೆಪ್ಪ. ಬಾಗಲಕೋಟೆಯವನು, ಚಿಕ್ಕಂದಿನಲ್ಲಿ ಮಠದ ಉಚಿತ ಬೋರ್ಡಿಂಗಿನಲ್ಲಿದ್ದು ಓದಿದವನು. ಅಲ್ಲಿ ಶ್ಲೋಕ ತಪ್ಪು ಹೇಳಿದವರಿಗೆ ರೊಟ್ಟಿ ತಡವಾಗಿ ಸಿಗುತ್ತಿದ್ದುದರಿಂದ ಅವನ ಉಚ್ಚಾರಣೆ ಶುದ್ಧವಾಗಿತ್ತು. ದನಿಯನ್ನು ಅವನಿಗೆ ಕೊಟ್ಟದ್ದು ನಿಗಮ. ರವಾನೆ ವಿಭಾಗದ ಕಿಟಕಿ ಗೂಡ್ಸ್ ರೈಲಿನ ಹಳಿಗಳಿಗೆ ಅಂಟಿಕೊಂಡಿತ್ತು. ಅಲ್ಲಿ ಕೂತು ಪಕ್ಕದವರಿಗೆ ಒಂದು ಮಾತು ಹೇಳಬೇಕಾದರೂ ಎಂಜಿನ್ನಿಗಿಂತ ಜೋರಾಗಿ ಹೇಳಬೇಕು. ಹಾಗೆ ಹೇಳಿ ಹೇಳಿ ಅವನ ಗಂಟಲು ಕಂಚಿನ ಗಂಟೆಯ ಹಾಗೆ ಪಳಗಿತ್ತು.

ಮುರಿಗೆಪ್ಪನಿಗೆ ಬೇಕಾದದ್ದು ಮಾತ್ರ ಒಂದೇ. ಅವನ ಹೆಂಡತಿ ಪಾರವ್ವ ಬಾಗಲಕೋಟೆಯಲ್ಲಿ ಕನ್ನಡ ಶಾಲೆಯ ಟೀಚರು. ಅವಳ ಕೆಲಸವನ್ನು ಬೆಂಗಳೂರಿಗೆ ತರುವ ಹಾಗಿರಲಿಲ್ಲ. ನಿಗಮಕ್ಕೆ ಬಾಗಲಕೋಟೆಯಲ್ಲಿ ಒಂದು ಶಾಖೆಯಿತ್ತು. ಗಂಡ ಹೆಂಡತಿ ಇಬ್ಬರೂ ನೌಕರರಾಗಿದ್ದರೆ ಅವರನ್ನು ಒಂದೇ ಊರಿನಲ್ಲಿ ಇರಿಸಬಹುದು ಎಂಬ ನಿಯಮವೂ ಇತ್ತು. ಅದಕ್ಕೆ ಪತಿ-ಪತ್ನಿ ಪ್ರಕರಣ ಎನ್ನುತ್ತಾರೆ. ಆ ನಿಯಮದ ಕೆಳಗೆ ಅವನು ಕೊಟ್ಟ ವರ್ಗಾವಣೆ ಅರ್ಜಿ ಮದುವೆಯಾದ ವರ್ಷದಿಂದ ಕಚೇರಿಯೊಳಗೇ ಊರೂರು ಸುತ್ತುತ್ತಿತ್ತು. ದಸರೆಗೊಮ್ಮೆ, ಬೇಸಿಗೆಗೊಮ್ಮೆ ಅವನು ರಜೆ ಹಾಕಿ ಊರಿಗೆ ಹೋದಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮುರಿಗೆಪ್ಪ ಚಿಕ್ಕಬಾಣಾವರದಲ್ಲಿ ರಾಮಲಕ್ಷ್ಮಮ್ಮನವರ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ. ಸಂಜೆ ಯಶವಂತಪುರದಲ್ಲಿ ಅವನು ಹತ್ತುತ್ತಿದ್ದುದು ಊರಿನ ದಿಕ್ಕಿಗೇ ಹೋಗುವ ರೈಲು. ಊರಿನ ಕಡೆಗೆ ಒಂದು ನಿಲ್ದಾಣದಷ್ಟು ಪ್ರಯಾಣ ಮಾಡಿ ಚಿಕ್ಕಬಾಣಾವರದಲ್ಲಿ ಇಳಿದು, ಡಬ್ಬಿಗಳೆಲ್ಲ ಕಣ್ಮರೆಯಾಗುವವರೆಗೆ ನಿಂತು ನೋಡಿ ರೂಮಿಗೆ ನಡೆಯುತ್ತಿದ್ದ. ಆ ಹೊತ್ತಿನಲ್ಲಿ ಅವನಿಗೆ ದಿನವೂ ಅಳು ಬಂದಂತಾಗುತ್ತಿತ್ತು.

ಆಡಳಿತ ಶಾಖೆಯ ಮೇಲ್ವಿಚಾರಕ ಬೈರಣ್ಣ ಹುಣಸಮಾರನಹಳ್ಳಿಯವರು. ಯಾವ ಅರ್ಜಿ ಯಾರ ಮೇಜಿನ ಮೇಲೆ ಮಲಗಿದೆ, ಯಾಕೆ ಮಲಗಿದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಅವರು ಮುರಿಗೆಪ್ಪನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಬುದ್ಧಿ ಹೇಳಿದರು.

"ನೋಡು ಗುರು, ಇಷ್ಟ್ ವರ್ಷ ನೀನ್ ಯಾರು ಅಂತ್ಲೇ ಸಾಹೇಬ್ರಿಗೆ ಗೊತ್ತಿರ್ಲಿಲ್ಲ. ಈಗ ದಿನಾ ಬೆಳಿಗ್ಗೆ ನಿನ್ ಮುಖ ನೋಡ್ತಾರೆ. ಚೆನ್ನಾಗ್ ಹೇಳು. ಅವ್ರಿಗೆ ಖುಷಿಯಾದ್ರೆ ನಿನ್ ಟ್ರಾನ್ಸ್‌ಫರ್ ತಾನಾಗೇ ಬರುತ್ತೆ."

ಮುರಿಗೆಪ್ಪ ಇದನ್ನು ನಂಬಿದ. ಬೈರಣ್ಣನವರೂ ನಂಬಿಯೇ ಹೇಳಿದ್ದರು. ನಿಗಮದ ಇತಿಹಾಸದಲ್ಲಿ ಚೆನ್ನಾಗಿ ಕೆಲಸ ಮಾಡಿದವರು ಅಷ್ಟಾಗಿ ಇರಲಿಲ್ಲವಾದ್ದರಿಂದ, ಚೆನ್ನಾಗಿ ಮಾಡಿದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ಯೋಗಾಭ್ಯಾಸ ಗೋದಾಮಿನಲ್ಲಿ ಶುರುವಾಯಿತು. ಕೂರುವುದಕ್ಕೆ ಹಳೆ ಗೋಣಿಚೀಲಗಳನ್ನೇ ಹಾಸಿದರು. ದೀರ್ಘವಾಗಿ ಉಸಿರೆಳೆಯಿರಿ ಎಂದಾಗ ಚೀಲದ ಧೂಳೆಲ್ಲ ಮೂಗಿಗೇರಿ ಇಡೀ ಸಿಬ್ಬಂದಿ ಶ್ರೇಣಿವಾರು ಸೀನುತ್ತಿತ್ತು. ಮುರಿಗೆಪ್ಪ ಮಾತ್ರ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಬಾಗಲಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಂತ್ರ ಹೇಳಿದ. ತಗಡಿನ ಚಾವಣಿ ಝೇಂಕರಿಸಿತು. ಎಂ.ಡಿ. ಸಾಹೇಬರು ಆವತ್ತು ಸೊಂಟ ಬಗ್ಗಿಸಿ ಮೊಣಕಾಲು ಮುಟ್ಟಿದರು. ಅದನ್ನು ಕಂಡು ಸಿಬ್ಬಂದಿ ಚಪ್ಪಾಳೆ ತಟ್ಟಿತು.

ಮುರಿಗೆಪ್ಪ ಮೊದಮೊದಲು ಮಂತ್ರದ ಅರ್ಥವನ್ನೂ ಹೇಳುತ್ತಿದ್ದ. ಶುದ್ಧನಿರಲಿ ಅಶುದ್ಧನಿರಲಿ, ಎಂಥ ಅವಸ್ಥೆಯಲ್ಲಾದರೂ ಇರಲಿ, ದೇವರನ್ನು ನೆನೆದವನು ಒಳಗೂ ಹೊರಗೂ ಶುದ್ಧನೇ, ಇಷ್ಟೇ ಅರ್ಥ. ಇದು ಕಾನೂನು ಅಧಿಕಾರಿ ಕಾಶಿನಾಥರಿಗೆ ಸರಿಬರಲಿಲ್ಲ. ಅವರು ಧಾರವಾಡದವರು, ನಮ್ಮ ಕಡೆಯವರು ಎಂದು ಮುರಿಗೆಪ್ಪನಿಗೆ ಅವರ ಮೇಲೆ ತುಂಬ ಭರವಸೆ. ಅವರು ಅವನನ್ನು ಕರೆದು, ಹೀಗೆ ಬರೀ ನೆನೆದ ಮಾತ್ರಕ್ಕೆ ಶುದ್ಧರಾಗುವುದಾದರೆ ಜನ ತಂತಮ್ಮ ಮನೆಯಲ್ಲೇ ಶುದ್ಧರಾಗಿ ಬಂದುಬಿಡುತ್ತಾರೆ, ಆಗ ಸುತ್ತೋಲೆಯ ಗತಿಯೇನು ಎಂದು ಮೆಲ್ಲಗೆ ವಿಚಾರಿಸಿದರು. ಸುತ್ತೋಲೆಯಲ್ಲಿ ಪಠಣದ ಉಲ್ಲೇಖವಿದೆ, ಅರ್ಥದ ಉಲ್ಲೇಖವಿಲ್ಲ ಎಂದೂ ತೋರಿಸಿಕೊಟ್ಟರು. ಮಾರನೆಯ ದಿನದಿಂದ ಅರ್ಥ ನಿಂತಿತು.

ಸುತ್ತೋಲೆಯ ಕೊನೆಯ ಸಾಲಿನ ಮಹತ್ವ ಸಿಬ್ಬಂದಿಗೆ ಹೊಳೆಯಲು ಒಂದು ವಾರ ಹಿಡಿಯಿತು. ಅಶುದ್ಧನಾದವನು ಕಡತ ಮುಟ್ಟಬಾರದು, ಸರಿ. ಕಡತವಲ್ಲದ್ದನ್ನು ಮುಟ್ಟಬಹುದು. ಬಂದ ಪಾರ್ಟಿಗಳು ಮೇಜಿನ ಕೆಳಗೆ ಕೊಡುವುದು ಕಡತವಲ್ಲ. ಮಂತ್ರಕ್ಕೆ ಮುಂಚೆ ಅದನ್ನು ಮುಟ್ಟಿ, ಆಮೇಲೆ ಗೋದಾಮಿಗೆ ಹೋಗಿ ಮಂತ್ರ ಹೇಳಿದರೆ ಮುಟ್ಟಿದ್ದೂ ತೊಳೆದುಹೋಗುತ್ತದೆ, ಕಡತವನ್ನು ಶುದ್ಧ ಕೈಯಿಂದಲೇ ತೆರೆದಂತಾಗುತ್ತದೆ. ಇಷ್ಟು ವರ್ಷ ಮನಸ್ಸಿನಲ್ಲಿ ಏನೋ ಕಿರಿಕಿರಿ ಇಟ್ಟುಕೊಂಡೇ ಲಂಚ ತೆಗೆದುಕೊಳ್ಳುತ್ತಿದ್ದ ಗುಮಾಸ್ತರ ಮುಖದಲ್ಲಿ ಒಂದು ಶಾಂತಿ ಕಾಣಿಸಿಕೊಂಡಿತು. ಯೋಗದಿಂದ ರಕ್ತದೊತ್ತಡ ಇಳಿಯುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ ಎಂದರು ಎಂ.ಡಿ. ಸಾಹೇಬರು.

ಚೀಲದ ವ್ಯಾಪಾರಿ ಆನಂದಪ್ಪ ಮೊದಲಿಗರಾಗಿ ತಮ್ಮ ಭೇಟಿಯ ಹೊತ್ತನ್ನು ಬದಲಿಸಿಕೊಂಡರು. ಮಾಕಳಿಯಲ್ಲಿ ಅವರ ಗೋಣಿ ಉಗ್ರಾಣವಿತ್ತು. ನಿಗಮ ಮಾರಿದ ಚೀಲವನ್ನು ಕೊಳ್ಳುವವರೂ, ನಿಗಮಕ್ಕೆ ಅದೇ ಚೀಲವನ್ನು ಮಾರುವವರೂ ಅವರೇ. ಅವರು ಸೂರ್ಯ ಮೇಲೇರುವ ಮುಂಚೆ ಬರತೊಡಗಿದರು. ಅವರ ಹಿಂದೆ ಉಳಿದ ಪಾರ್ಟಿಗಳೂ ಬಂದವು. ಪಾರ್ಟಿಗಳು ಬಂದಮೇಲೆ ಸಿಬ್ಬಂದಿ ಬಾರದಿದ್ದೀತೇ? ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಕಚೇರಿಗೆ ಬಂದು ಅಭ್ಯಾಸವಿದ್ದವರೆಲ್ಲ ಬಾಗಿಲು ತೆಗೆಯುವ ಮುಂಚೆಯೇ ಬಂದು ಗೇಟಿನಲ್ಲಿ ನಿಂತರು. ಸಮಯಪಾಲನೆಯಲ್ಲಿ ನಿಗಮ ಮಾದರಿಯಾಗಿದೆ ಎಂದು ಮೇಲಿನ ಇಲಾಖೆಯಿಂದ ಪ್ರಶಂಸಾಪತ್ರ ಬಂತು. ಅದಕ್ಕೆ ಕಟ್ಟು ಹಾಕಿಸಿ ಗೋದಾಮಿನಲ್ಲಿ ತೂಗುಹಾಕಿದರು.

ಆಮೇಲೆ ಒಂದು ಶಿಸ್ತಿನ ಸಮಸ್ಯೆ ಎದುರಾಯಿತು. ಎಂ.ಡಿ. ಸಾಹೇಬರು ಕೆಲವು ದಿನ ಮೀಟಿಂಗಿಗೆಂದು ಹೊರಗಿರುತ್ತಿದ್ದರು. ಅಂಥ ದಿನಗಳಲ್ಲಿ ಜವಾನನಿಂದ ಹಿಡಿದು ಎಲ್ಲರೂ ಶುದ್ಧರಾಗಿ ಕೂತಿರುವಾಗ ಸಾಹೇಬರೊಬ್ಬರೇ ಅಶುದ್ಧರಾಗಿ ಒಳಗೆ ಬರುತ್ತಿದ್ದರು. ಕೈಕೆಳಗಿನ ನೌಕರನು ಮೇಲಧಿಕಾರಿಗಿಂತ ಹೆಚ್ಚು ಶುದ್ಧನಾಗಿರುವುದು ನಡತೆ ನಿಯಮಗಳಿಗೆ ಒಪ್ಪುತ್ತದೆಯೇ ಎಂದು ಯಾರೋ ಕೇಳಿದರು. ಒಪ್ಪುವುದಿಲ್ಲ ಎಂದು ಕಾಶಿನಾಥರು ಅಭಿಪ್ರಾಯ ಬರೆದರು. ಶುದ್ಧಿಯು ಆದೇಶದ ಹಾಗೆ ಮೇಲಿನಿಂದ ಕೆಳಕ್ಕೆ ಇಳಿಯತಕ್ಕದ್ದು, ಮೊದಲು ಎಂ.ಡಿ., ಆಮೇಲೆ ಅಧಿಕಾರಿಗಳು, ಆಮೇಲೆ ಇತರರು.

ಹಾಗಾದಮೇಲೆ ಎಂ.ಡಿ. ಬಾರದ ದಿನ ಇಡೀ ಕಚೇರಿ ಅಶುದ್ಧವಾಗಿಯೇ ಉಳಿಯುತ್ತಿತ್ತು. ಗೇಟಿಗೆ 'ಇಂದು ಅಶುದ್ಧ, ನಾಳೆ ಬನ್ನಿ' ಎಂಬ ಬೋರ್ಡು ಹಾಕುತ್ತಿದ್ದರು. ಕೆಲಸದ ಮೇಲೆ ಬಂದ ರೈತರು ಅದನ್ನೋದಿ ಚಪ್ಪಲಿ ಬಿಟ್ಟು ಕೈಮುಗಿದು ಹೋಗುತ್ತಿದ್ದರು. ಸಿಬ್ಬಂದಿಗೆ ಈ ದಿನಗಳು ಬೇಸರವೆನಿಸಲಿಲ್ಲ, ಯಾಕೆಂದರೆ ಅಶುದ್ಧಾವಧಿ ಸಂಜೆಯವರೆಗೂ ಇರುತ್ತಿತ್ತು, ಕಡತವಲ್ಲದ್ದನ್ನು ಮುಟ್ಟಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಆದರೆ ಆನಂದಪ್ಪನವರಿಗೆ ಕೊಟ್ಟದ್ದಕ್ಕೆ ತಕ್ಕ ಕಡತ ಹೊರಬರದೆ ಕಷ್ಟವಾಯಿತು. ಅವರೇ ಒಂದು ಉಪಾಯ ಸೂಚಿಸಿದರು. ಸಾಹೇಬರು ಕಚೇರಿಗೆ ಬರಲಾಗದಿದ್ದರೆ ಮಂತ್ರವೇ ಸಾಹೇಬರ ಬಳಿಗೆ ಹೋಗಲಿ.

ಅಂದಿನಿಂದ ಮುರಿಗೆಪ್ಪನಿಗೆ 'ಶುದ್ಧಿ ಪ್ರಭಾರಿ' ಎಂಬ ಹುದ್ದೆ ಬಂತು. ಬೆಳಗಾಗುತ್ತಲೇ ಚಿಕ್ಕಬಾಣಾವರಕ್ಕೆ ನಿಗಮದ ಜೀಪು ಬರುತ್ತಿತ್ತು. ಅದರಲ್ಲಿ ಅವನು ಆರ್.ಟಿ. ನಗರದ ಸಾಹೇಬರ ಮನೆಗೆ ಹೋಗಿ, ಅವರನ್ನು ಶುದ್ಧಗೊಳಿಸಿ, ಆ ಶುದ್ಧಿಯನ್ನು ತೆಗೆದುಕೊಂಡು ಯಶವಂತಪುರಕ್ಕೆ ಬಂದು ಅಧಿಕಾರಿಗಳಿಗೂ ಅವರ ಮೂಲಕ ಸಿಬ್ಬಂದಿಗೂ ಹಂಚುತ್ತಿದ್ದ. ದಾರಿಯಲ್ಲಿ ಅವನು ಯಾರೊಂದಿಗೂ ಮಾತಾಡಬಾರದು, ಬೀಡಿ ಸೇದುವವರ ಪಕ್ಕ ನಿಲ್ಲಬಾರದು ಎಂಬ ಷರತ್ತುಗಳಿದ್ದವು. ಜೀಪು ಬರುವುದನ್ನು ಕಂಡ ರಾಮಲಕ್ಷ್ಮಮ್ಮನವರು ತಮ್ಮ ಬಾಡಿಗೆದಾರನಿಗೆ ಏನೋ ದೊಡ್ಡ ಕಾಯಿಲೆಯೆಂದು ಮೊದಲು ಗಾಬರಿಯಾದರು. ವಿಷಯ ತಿಳಿದಮೇಲೆ ಹಿತ್ತಲಲ್ಲಿ ತೋಡಿಸಿದ್ದ ಹೊಸ ಬಾವಿಗೂ ಒಂದು ಸಲ ಮಂತ್ರ ಹಾಕಿಸಿಕೊಂಡರು.

ಸಾಹೇಬರ ಸೊಂಟ ದಿನೇದಿನೇ ಸಡಿಲವಾಯಿತು. ಈಗ ಅವರು ಪಾದವನ್ನೇ ಮುಟ್ಟುತ್ತಿದ್ದರು. ಇದು ಆಸನದಿಂದಲ್ಲ, ಮುರಿಗೆಪ್ಪನ ದನಿ ಬೆನ್ನುಹುರಿಯೊಳಗೆ ಇಳಿಯುವುದರಿಂದ ಎಂದು ಅವರಿಗೆ ಖಚಿತವಾಗಿತ್ತು. ಹೀಗೆ ಒಂದು ಬೆಳಿಗ್ಗೆ, ಶವಾಸನದಲ್ಲಿದ್ದುಕೊಂಡೇ, ನಿನಗೇನಾದರೂ ಬೇಕಿದ್ದರೆ ಕೇಳು ಎಂದರು. ಮುರಿಗೆಪ್ಪ ಕೇಳಿದ. ಸಾಹೇಬರು ಕಣ್ಣು ತೆರೆಯದೆ ಆಗಲಿ ಎಂದರು. ವರ್ಷಗಟ್ಟಲೆ ಸುತ್ತುತ್ತಿದ್ದ ಅರ್ಜಿಗೆ ಅದೇ ವಾರ ಸಹಿ ಬಿತ್ತು. ಪತಿ-ಪತ್ನಿ ಪ್ರಕರಣದ ಮೇರೆಗೆ ಶ್ರೀ ಮುರಿಗೆಪ್ಪ ಅವರನ್ನು ಬಾಗಲಕೋಟೆ ಶಾಖೆಗೆ ವರ್ಗಾಯಿಸಿದೆ ಎಂದು ಆದೇಶವಾಯಿತು.

ಆವತ್ತು ಸಂಜೆ ಚಿಕ್ಕಬಾಣಾವರದಲ್ಲಿ ಇಳಿದಾಗ ಮುರಿಗೆಪ್ಪ ರೈಲನ್ನು ತಿರುಗಿ ನೋಡಲಿಲ್ಲ. ನೇರ ಅಂಚೆ ಕಚೇರಿಗೆ ಹೋಗಿ ಪಾರವ್ವನಿಗೆ ತಂತಿ ಕೊಟ್ಟ. ಅವಳು ಬಾಡಿಗೆ ಮನೆಗೆ ಸುಣ್ಣ ಹೊಡೆಸಿದಳು, ಸೋರುವ ಆ ಮನೆಯಲ್ಲಿ ಅಡುಗೆಮನೆಯ ಮೂಲೆಗಾದರೂ ಹೆಂಚು ಹಾಕಿಸಿದಳು, ಗಂಡ ಇನ್ನು ಇಲ್ಲೇ ಇರುತ್ತಾನೆಂದು ಶಾಲೆಯಲ್ಲಿ ಪೇಡೆ ಹಂಚಿದಳು. ಇತ್ತ ಮುರಿಗೆಪ್ಪ ರೂಮಿನ ಗೋಡೆಗೆ ತೂಗುಹಾಕಿದ್ದ ಕನ್ನಡಿಯನ್ನೂ ಬಿಚ್ಚಿ ಟ್ರಂಕಿಗೆ ಹಾಕಿಟ್ಟುಕೊಂಡ.

ವರ್ಗಾವಣೆ ಆದೇಶ ಒಂದು, ಬಿಡುಗಡೆ ಆದೇಶ ಇನ್ನೊಂದು ಎಂಬುದು ನೌಕರಿಯಲ್ಲಿರುವವರಿಗೆಲ್ಲ ಗೊತ್ತು. ಮುರಿಗೆಪ್ಪನಿಗೂ ಗೊತ್ತಿತ್ತು, ಖುಷಿಯಲ್ಲಿ ಮರೆತಿದ್ದ. ಅವನು ಹೋಗುತ್ತಾನೆಂದು ಕೇಳಿದ ದಿನವೇ ಸಾಹೇಬರ ಸೊಂಟ ಹಿಡಿದುಕೊಂಡಿತು. ಅವನ ಜಾಗಕ್ಕೆ ಬೇರೊಬ್ಬನನ್ನು ಹಚ್ಚಿ ನೋಡಿದರು. ಆ ದನಿ ಸೊಂಟದ ತನಕ ತಲುಪಲಿಲ್ಲ. ಬೈರಣ್ಣನವರು ಬಂದು, ಸದ್ಯಕ್ಕೆ ಬಿಡುಗಡೆ ಇಲ್ಲ, ಸ್ವಲ್ಪ ತಡ್ಕೊ ಎಂದು ತಲೆ ತಗ್ಗಿಸಿದರು. ಚೆನ್ನಾಗಿ ಹೇಳು ಎಂದು ಸಲಹೆ ಕೊಟ್ಟವರು ತಾವೇ ಎಂಬುದು ಅವರಿಗೆ ನೆನಪಿತ್ತು.

ಅಷ್ಟರಲ್ಲಿ ಬಾಗಲಕೋಟೆಯ ಶಾಖಾ ವ್ಯವಸ್ಥಾಪಕರಿಂದ ಜ್ಞಾಪನ ಬಂತು. ಮುರಿಗೆಪ್ಪ ಬರುವರೆಂಬ ನಂಬಿಕೆಯಲ್ಲಿ ತಾವು ಶಾಖೆಯಲ್ಲಿಯೂ ಶುದ್ಧಿ ವ್ಯವಸ್ಥೆಯನ್ನು ಜಾರಿಗೆ ತಂದಿದ್ದಾಗಿಯೂ, ಅವರು ಬಾರದ ಕಾರಣ ಸಿಬ್ಬಂದಿ ಕಡತ ಮುಟ್ಟದೆ ಕೂತಿರುವುದಾಗಿಯೂ, ಶೀಘ್ರ ಕ್ರಮ ಕೋರುವುದಾಗಿಯೂ ಅದರಲ್ಲಿತ್ತು. ಒಬ್ಬನೇ ಮನುಷ್ಯ ಎರಡು ಊರಿಗೆ ಬೇಕಾದ. ಸಾಹೇಬರು ಕಾಶಿನಾಥರ ಅಭಿಪ್ರಾಯ ಕೇಳಿದರು.

ಕಾಶಿನಾಥರು ಎರಡು ದಿನ ನಿಯಮಾವಳಿಗಳನ್ನು ಓದಿದರು. ಮುರಿಗೆಪ್ಪ ಆ ಎರಡು ದಿನವೂ ಅವರ ಬಾಗಿಲಲ್ಲಿ ನಿಂತಿದ್ದ. ನಮ್ಮ ಕಡೆಯವರು, ಹೆಂಡತಿ ಮಕ್ಕಳೊಂದಿಗಿರುವವರು, ಕೈಬಿಡಲಾರರು ಎಂದುಕೊಂಡಿದ್ದ. ಅವರು ಕೈಬಿಡಲಿಲ್ಲ. ಶ್ರೀ ಮುರಿಗೆಪ್ಪ ಅವರ ವರ್ಗಾವಣೆಯು ಅವರ ಹಕ್ಕು, ಅದನ್ನು ಜಾರಿಗೊಳಿಸಲೇಬೇಕು ಎಂದು ಖಂಡಿತವಾಗಿ ಬರೆದರು. ಬಾಗಲಕೋಟೆಯಲ್ಲಿ ಅವರ ಕರ್ತವ್ಯವು ಧ್ವನಿಯಿಂದಲೇ ನಡೆಯತಕ್ಕದ್ದಾದ್ದರಿಂದ ಅವರ ಧ್ವನಿಯನ್ನು ವರ್ಗಾಯಿಸಿದರೆ ಆದೇಶ ಜಾರಿಯಾದಂತೆ. ಎಂ.ಡಿ.ಯವರ ಶುದ್ಧಿಯನ್ನು ಮಾತ್ರ ಯಂತ್ರದ ಮೂಲಕ ಮಾಡುವುದು ಆ ಹುದ್ದೆಯ ಘನತೆಗೆ ತಕ್ಕುದಲ್ಲವಾದ್ದರಿಂದ ಶರೀರವನ್ನು ಪ್ರಧಾನ ಕಚೇರಿಯಲ್ಲಿ ಉಳಿಸಿಕೊಳ್ಳಬಹುದು.

ಟೇಪ್‌ರೆಕಾರ್ಡರನ್ನು ಆನಂದಪ್ಪನವರು ಕೊಡುಗೆಯಾಗಿ ಕೊಟ್ಟರು. ಅದನ್ನು ಅವರು ಬೆಳಗಿನ ಅಶುದ್ಧಾವಧಿಯಲ್ಲೇ ತಂದೊಪ್ಪಿಸಿದ್ದರಿಂದ ಯಾವ ಆಕ್ಷೇಪವೂ ಏಳಲಿಲ್ಲ. ರವಾನೆ ವಿಭಾಗದಲ್ಲಿ ಕಿಟಕಿ ಮುಚ್ಚಿ ಮುರಿಗೆಪ್ಪನನ್ನು ಕೂರಿಸಿದರು. ಅವನು ಹೇಳಲಾರೆನೆಂದ. ಕಾಶಿನಾಥರ ಕಡೆಗೆ ತಿರುಗಿ ಕೇಳಿದ.

"ಸಾಹೇಬ್ರ, ನನ್ನ ಹೇಣ್ತಿ ಈ ಪೆಟಿಗಿ ಜೋಡಿ ಸಂಸಾರ ಮಾಡ್ಬೇಕೇನ್ರಿ?"

ಕಾಶಿನಾಥರಿಗೆ ಕೋಪ ಬರಲಿಲ್ಲ. "ನಿಯಮದಾಗ ಗಂಡ ಹೇಣ್ತಿ ಒಂದs ಊರಾಗ ನೌಕ್ರಿ ಮಾಡ್ಬೇಕು ಅಂತ ಅದ, ಮುರಿಗೆಪ್ಪ. ಸಂಸಾರದ ಬಗ್ಗೆ ನಿಯಮ ಏನೂ ಹೇಳೂದಿಲ್ಲ" ಎಂದರು. ಇದನ್ನು ಬಿಟ್ಟರೆ ಆದೇಶವೇ ರದ್ದಾಗುತ್ತದೆ, ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಾಗುತ್ತದೆ ಎಂದೂ ತಿಳಿಸಿದರು. ಧ್ವನಿ ಮುಂದೆ ಹೋಗಿರಲಿ, ಶರೀರ ಹಿಂದಿನಿಂದ ಹೋದೀತು ಎಂದು ಬೈರಣ್ಣ ಸಮಾಧಾನ ಮಾಡಿದರು. ಮುರಿಗೆಪ್ಪನ ಕಣ್ಣಲ್ಲಿ ನೀರಿತ್ತು, ಆದರೂ ಮಂತ್ರ ಹೇಳಿದ. ನಡುವೆ ಒಂದು ಗೂಡ್ಸ್ ರೈಲು ಹೋಗಿ ಅದರ ಸಿಳ್ಳೂ ಟೇಪಿನಲ್ಲಿ ಸೇರಿಕೊಂಡಿತು. ಎರಡನೇ ಸಲ ಹೇಳಿಸಲು ಮಂಜೂರಾತಿ ಇರಲಿಲ್ಲ.

ಧ್ವನಿಯನ್ನು ಗೋಣಿಚೀಲದಲ್ಲಿ ಸುತ್ತಿ, ಜವಾನನೊಬ್ಬನ ಜೊತೆ ಹುಬ್ಬಳ್ಳಿ ರೈಲಿನಲ್ಲಿ ಕಳಿಸಿದರು. ಹೊರಡುವ ಮುಂಚೆ ಬೀಳ್ಕೊಡುಗೆ ಸಮಾರಂಭ ನಡೆಯಿತು. ಟೇಪ್‌ರೆಕಾರ್ಡರಿಗೆ ಹಾರ ಹಾಕಿ, ಅದರ ಸರಳತೆ, ಕರ್ತವ್ಯನಿಷ್ಠೆಗಳನ್ನು ಕುರಿತು ಇಬ್ಬರು ಮಾತಾಡಿದರು. ಮುರಿಗೆಪ್ಪನಿಗೂ ಖಾರಾಬೂಂದಿ ಸಿಕ್ಕಿತು. ಬಾಗಲಕೋಟೆ ಶಾಖೆಯಲ್ಲಿ ಧ್ವನಿಯು ಕರ್ತವ್ಯಕ್ಕೆ ಹಾಜರಾದ ಬಗ್ಗೆ ವರದಿ ಬಂತು. ಅಲ್ಲಿನ ಸಿಬ್ಬಂದಿ ಮಂತ್ರವನ್ನು ಶ್ರದ್ಧೆಯಿಂದ ಅನುಸರಿಸಿ ಹೇಳುತ್ತಿದ್ದಾರೆ, ನಡುವೆ ಬರುವ ಸಿಳ್ಳನ್ನೂ ಬಿಡದೆ ಹಾಕುತ್ತಿದ್ದಾರೆ ಎಂದು ಶಾಖಾ ವ್ಯವಸ್ಥಾಪಕರು ಸಂತೋಷ ವ್ಯಕ್ತಪಡಿಸಿದ್ದರು.

ಬೆಂಗಳೂರಿನಲ್ಲಿ ಮುರಿಗೆಪ್ಪ ಒಂದು ಬೆಳಿಗ್ಗೆ ಜೀಪು ಹತ್ತಲಿಲ್ಲ. ಇವತ್ತಿನಿಂದ ಹೇಳುವುದಿಲ್ಲ, ನನ್ನನ್ನು ಊರಿಗೆ ಕಳಿಸುವವರೆಗೆ ಬಾಯಿ ತೆರೆಯುವುದಿಲ್ಲ ಎಂದು ರೂಮಿನ ಬಾಗಿಲು ಹಾಕಿಕೊಂಡ. ಇಡೀ ನಿಗಮ ಅಲುಗಾಡುತ್ತದೆ ಎಂದುಕೊಂಡಿದ್ದ. ಪ್ರಧಾನ ಕಚೇರಿ 'ಇಂದು ಅಶುದ್ಧ' ಬೋರ್ಡು ಹಾಕಿಕೊಂಡು ದಿನವಿಡೀ ಲವಲವಿಕೆಯಿಂದ ಇತ್ತು. ಸಂಜೆ ಕಾಶಿನಾಥರ ಟಿಪ್ಪಣಿ ಹೊರಬಂತು: ಸದರಿ ನೌಕರರ ಧ್ವನಿಯು ಅದೇ ದಿನ ಬಾಗಲಕೋಟೆಯಲ್ಲಿ ಹಾಜರಿದ್ದು ಕರ್ತವ್ಯ ನಿರ್ವಹಿಸಿರುವುದರಿಂದ ಇದನ್ನು ಮುಷ್ಕರವೆಂದು ಪರಿಗಣಿಸಲಾಗದು. ಮಾರನೆಯ ದಿನ ಮುಷ್ಕರ ಮುಂದುವರಿಸುವುದು ಹೇಗೆಂದು ಮುರಿಗೆಪ್ಪನಿಗೆ ತಿಳಿಯಲಿಲ್ಲ. ಜೀಪು ಬಂದಾಗ ಹತ್ತಿದ.

ಹಾಗಾದರೆ ರಜೆಯಾದರೂ ಕೊಡಿ, ಬಾಗಲಕೋಟೆಗೆ ಹೋಗಿ ಹೆಂಡತಿಯನ್ನು ನೋಡಿ ಬರುತ್ತೇನೆ ಎಂದು ಅರ್ಜಿ ಹಾಕಿದ. ಅರ್ಜಿದಾರರು ಈಗಾಗಲೇ ಬಾಗಲಕೋಟೆಯಲ್ಲಿ ಪತ್ನಿಯೊಂದಿಗೆ ಇರುವುದರಿಂದ ಬಾಗಲಕೋಟೆಗೆ ಹೋಗಲು ರಜೆ ಕೋರಿರುವುದು ಸಮರ್ಥನೀಯವಲ್ಲ ಎಂದು ಹಿಂದಿರುಗಿ ಬಂತು. ದಸರಾ ಹೋಯಿತು. ಬೇಸಿಗೆಯೂ ಹೋಯಿತು. ಮುಂಚೆ ವರ್ಷಕ್ಕೆ ಎರಡು ಸಲವಾದರೂ ಕಾಣುತ್ತಿದ್ದ ಹೆಂಡತಿಯ ಮುಖವೂ ಈಗ ಇಲ್ಲವಾಯಿತು. ರಾಮಲಕ್ಷ್ಮಮ್ಮನವರೊಬ್ಬರು ಅವನ ಬಗ್ಗೆ ಮರುಗಿದರು, ಬಟ್ಟಲಿನಲ್ಲಿ ಸಾರು ತಂದುಕೊಟ್ಟರು. "ಇಂಗೆ ಕೊರಗ್‌ಬ್ಯಾಡಿ ಕಣಪ್ಪ. ಎಂಡ್ತಿ ತಾವ ನಿಮ್ ದನಿನಾದ್ರೂ ಐತಲ್ಲ. ನಮ್ಮನೆಯೋರು ಮನೇಲೇ ಇರ್ತಾರೆ, ಒಂದ್ ಮಾತಾಡಾಕಿಲ್ಲ" ಎಂದರು.

ಪಾರವ್ವ ಮೊದಮೊದಲು ಕೆಂಡವಾಗಿದ್ದಳೆಂದು ಶಾಖೆಯಿಂದ ಬಂದುಹೋಗುವವರು ಹೇಳುತ್ತಿದ್ದರು. ಶಾಖೆಗೆ ಬಂದು, ನನ್ನ ಗಂಡ ಎಲ್ಲಿ ಎಂದು ಕೇಳಿದ್ದಳಂತೆ. ಅವಳನ್ನು ಗೌರವದಿಂದ ಒಳಗೆ ಕರೆದು, ಕುರ್ಚಿ ಕೊಟ್ಟು, ಗುಂಡಿ ಒತ್ತಿದ್ದರಂತೆ. ಅವಳು ಕೊನೆಯವರೆಗೆ ಕೂತು ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದುಹೋದಳಂತೆ. ಆಮೇಲೆ ಪತಿ-ಪತ್ನಿ ಒಂದೇ ಊರಿನಲ್ಲಿರುವ ಕಾರಣ ಧ್ವನಿಯ ಹೆಸರಿಗೆ ನಿಗಮದ ವಸತಿಗೃಹ ಮಂಜೂರಾಯಿತು. ನಲ್ಲಿಯಲ್ಲಿ ನೀರು ಬರುವ ಮನೆ. ಸೋರದ ಮನೆ. ಪಾರವ್ವ ಟ್ರಂಕು ತೆಗೆದುಕೊಂಡು ಅಲ್ಲಿಗೆ ಬಂದಳು. ಕಳ್ಳರ ಭಯವೆಂದು ಶಾಖೆಯವರು ಸಂಜೆ ಟೇಪ್‌ರೆಕಾರ್ಡರನ್ನು ಅದರ ವಸತಿಗೃಹಕ್ಕೇ ತಂದಿಟ್ಟು ಹೋಗುತ್ತಿದ್ದರು, ಬೆಳಿಗ್ಗೆ ಬಂದು ಕರೆದೊಯ್ಯುತ್ತಿದ್ದರು. ಒಂಟಿ ಹೆಂಗಸು ಎಂದು ಹಿಂದೆ ಮುಂದೆ ಆಡಿಕೊಳ್ಳುತ್ತಿದ್ದ ಓಣಿಯವರು ಬಾಯಿ ಮುಚ್ಚಿದರು.

ಮುರಿಗೆಪ್ಪ ದಿನೇದಿನೇ ಸೊರಗುತ್ತಿರುವುದನ್ನು ಕಂಡು ಎಂ.ಡಿ. ಸಾಹೇಬರಿಗೆ ಕನಿಕರವಾಯಿತು. ಅವನು ಸೊರಗಿದರೆ ದನಿ ಸೊರಗುತ್ತದೆ, ದನಿ ಸೊರಗಿದರೆ ಸೊಂಟ ಹಿಡಿಯುತ್ತದೆ. ತಮ್ಮ ಕೋಣೆಯ ಫೋನಿನಿಂದ ಬಾಗಲಕೋಟೆಗೆ ಒಂದು ಟ್ರಂಕ್ ಕಾಲ್ ಮಾಡಲು ಅವನಿಗೆ ಅನುಮತಿ ಕೊಟ್ಟರು. ಸರ್ಕಾರಿ ಕರೆಯಾದ್ದರಿಂದ ಸಾಹೇಬರೂ ಕಾಶಿನಾಥರೂ ಬೈರಣ್ಣನವರೂ ಎದುರಿಗೇ ಕೂತರು. ಪಾರವ್ವನನ್ನು ಶಾಖೆಗೆ ಕರೆಸಲಾಗಿತ್ತು.

ಲೈನು ಸಿಗಲು ಬಹಳ ಹೊತ್ತಾಯಿತು. ಸಿಕ್ಕಾಗ ಮುರಿಗೆಪ್ಪನ ಬಾಯಿಂದ ಹೊರಟದ್ದು ಬರೀ ಪಿಸುದನಿ. ರಾಜ್ಯದ ಎರಡು ಕಚೇರಿಗಳನ್ನು ಶುದ್ಧಗೊಳಿಸುತ್ತಿದ್ದ ದನಿ ಅದು. "ಪಾರವ್ವ, ಹ್ಯಾಂಗದಿ?" ಎಂದ.

ಆ ಕಡೆ ಅವಳ ಸುತ್ತಲೂ ಶಾಖೆಯವರೆಲ್ಲ ನಿಂತಿದ್ದಿರಬೇಕು. ಪಾರವ್ವನ ದನಿ ಸ್ಪಷ್ಟವಾಗಿ, ತಣ್ಣಗೆ ಕೇಳಿಸಿತು.

"ನಾ ಆರಾಮದೀನ್ರಿ. ಇಲ್ಲಿ ನಮ್ಮನಿಯವ್ರೂ ಆರಾಮದಾರ. ಮುಂಜಾನೆ ವ್ಯಾಳ್ಯಾಕ್ಕ ಸರಿಯಾಗಿ ಮಾತಾಡ್ತಾರ, ಸಂಜೀಕ ಮನೀಗ್ ಬರ್ತಾರ. ನೀವ್ ಹ್ಯಾಂಗದೀರ್ರಿ?"

ಮುರಿಗೆಪ್ಪ, ನಾನೇ ನಿನ್ನ ಗಂಡ ಎಂದು ಕೂಗಬೇಕೆಂದುಕೊಂಡ. ಎದುರಿಗೆ ಮೂವರೂ ಅವನನ್ನೇ ನೋಡುತ್ತಿದ್ದರು. ಕಾಶಿನಾಥರ ಮುಖದಲ್ಲಿ ಆತಂಕವಿತ್ತು. ಇಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೆ ಅಲ್ಲಿ ವರ್ಗಾವಣೆ ರದ್ದಾಗುತ್ತದೆ, ವಸತಿಗೃಹ ಹೋಗುತ್ತದೆ, ಪಾರವ್ವ ಮತ್ತೆ ಸೋರುವ ಮನೆಗೆ ಹೋಗಬೇಕಾಗುತ್ತದೆ. ಮುರಿಗೆಪ್ಪ ಉಸಿರನ್ನು ದೀರ್ಘವಾಗಿ ಒಳಗೆಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಪರರ ಹೆಂಡತಿಯೊಂದಿಗೆ ಮಾತಾಡುವಾಗ ಇರಬೇಕಾದ ಮರ್ಯಾದೆಯಿಂದ ಉತ್ತರ ಕೊಟ್ಟ.

"ನಾನೂ ಆರಾಮದೀನ್ರಿ ಬಾಯಾರ. ನಿಮ್ಮನಿಯವ್ರಿಗೆ ನನ್ನ ನಮಸ್ಕಾರ ಹೇಳ್ರಿ."

ಕಾಶಿನಾಥರು ತಲೆದೂಗಿದರು. ಸಂಭಾಷಣೆಯಲ್ಲಿ ದಾಖಲೆಗೆ ವಿರುದ್ಧವಾದದ್ದು ಏನೂ ಇರಲಿಲ್ಲ.